ಹೇಳಿದರೆ ಹುಟ್ಟುವ ತಂತಿಗಳು

ಅಕ್ಕ ಹಾಡಲು ಕೂತಾಗ ತಂಬೂರಿ ಮೀಟುವ ಕೆಲಸ ನನ್ನದಾಗಿತ್ತು. ಪಂಚಮ, ಎರಡು ಸಾರಣಿ, ಮಂದ್ರ: ಇರುವುದು ನಾಲ್ಕೇ ತಂತಿ. ಆದರೆ ಶ್ರುತಿ ಕೂಡಿ, ಕುದುರೆಯ ಮೇಲಿನ ಜೀವಾಳದ ದಾರ ಸರಿಯಾದ ಜಾಗಕ್ಕೆ ಬಂತೆಂದರೆ, ಯಾರೂ ಮೀಟದ ಗಾಂಧಾರವೊಂದು ಮಂದ್ರದ ಒಳಗಿನಿಂದ ಎದ್ದು ಬರುತ್ತಿತ್ತು. ಆ ಬೆರಗೇ ನನ್ನನ್ನು ಪ್ಯೂರ್ ಡೇಟಾದವರೆಗೆ ಕರೆತಂದಿತು.

ಇದು ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ರೂಪಿಸಿದ ಉಚಿತ ತಂತ್ರಾಂಶ. ಅದಕ್ಕೂ ಹಿಂದಿನ ದಶಕದಲ್ಲಿ, ಪ್ಯಾರಿಸ್ಸಿನ ಇರ್ಕಾಂ ಸಂಸ್ಥೆಯಲ್ಲಿ, ಅವರೇ ‘ಮ್ಯಾಕ್ಸ್’ ಎಂಬ ತಂತ್ರಾಂಶ ಬರೆದಿದ್ದರು. 1957ರಲ್ಲೇ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದ ಮ್ಯಾಕ್ಸ್ ಮ್ಯಾಥ್ಯೂಸರ ಹೆಸರು ಅದು. ಪ್ಯೂರ್ ಡೇಟಾದಲ್ಲಿ ಪ್ರೋಗ್ರಾಂ ಬರೆಯುವುದೆಂದರೆ ಚಿತ್ರ ಬಿಡಿಸುವುದೇ. ಬಿಳಿ ಹಾಳೆಯ ಮೇಲೆ ಪುಟ್ಟ ಪೆಟ್ಟಿಗೆಗಳನ್ನಿಟ್ಟು, ಒಂದರ ಕೆಳಗಿನಿಂದ ಇನ್ನೊಂದರ ತಲೆಗೆ ಗೆರೆ ಎಳೆದರೆ ಸದ್ದು ಹರಿಯುತ್ತದೆ.

ತಂಬೂರಿಯ ನಾದ ಕಟ್ಟಲು ನನಗೆ ಬೇಕಿದ್ದುದು ಹದಿನಾರು ಅಲೆಗಳು: 110 ಹರ್ಟ್ಸ್, 220, 330, ಹೀಗೆ ಏರುತ್ತ 1760ರವರೆಗೆ. ಕೈಯಿಂದಲೇ ಇಟ್ಟು ಜೋಡಿಸುತ್ತಿದ್ದೆ. ಒಂದು ದಿನ ತಿಳಿಯಿತು: ಹಾಳೆಗೊಂದು ಹೆಸರಿಟ್ಟರೆ ಅದರೊಂದಿಗೇ ಮಾತಾಡಬಹುದು. ‘ಆಬ್ಜ್ 50 100 ಆಸ್ಕ್~ 110’ ಎಂದು ಸಂದೇಶ ಕಳಿಸಿದೆ. ಹಾಳೆಯ 50, 100ರ ಜಾಗದಲ್ಲಿ 110 ಹರ್ಟ್ಸ್ ಅಲೆಯ ಪೆಟ್ಟಿಗೆ ತಾನಾಗಿ ಮೂಡಿತು. ‘ಕ್ಲಿಯರ್’ ಎಂದೆ, ಹಾಳೆ ಬರಿದಾಯಿತು.

ಹುಟ್ಟಿದ ಸರದಿಯೇ ಇಲ್ಲಿ ಪೆಟ್ಟಿಗೆಯ ಸಂಖ್ಯೆ, ಎಣಿಕೆ ಸೊನ್ನೆಯಿಂದ. ಮೊದಲು ಸದ್ದು ತಗ್ಗಿಸುವ ಪೆಟ್ಟಿಗೆ, 0. ಆಮೇಲೆ ಸ್ಪೀಕರಿಗೆ ಕಳಿಸುವುದು, 1. ಅಲೆಗಳು 2ರಿಂದ 17. ‘ಕನೆಕ್ಟ್ 2 0 0 0’ ಎಂದರೆ ಮೊದಲ ಅಲೆ ಸೊನ್ನೆಯ ಪೆಟ್ಟಿಗೆಯನ್ನು ಸೇರುತ್ತದೆ. ನಡುವಿನ ಒಂದನ್ನು ಅಳಿಸಿದರೆ, ಸರತಿ ಸಾಲಿನಿಂದ ಒಬ್ಬ ಹೊರಬಿದ್ದ ಹಾಗೆ, ಹಿಂದಿನವೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯುತ್ತವೆ. ಆಮೇಲೂ ಹಳೆಯ ಲೆಕ್ಕದಲ್ಲೇ ಎಳೆದ ಗೆರೆ ಬೇರೆಯವರ ಮನೆಗೆ ಹೋಗುತ್ತದೆ. ಎಷ್ಟೋ ರಾತ್ರಿ ಈ ಎಣಿಕೆಯಲ್ಲೇ ಕಳೆದಿದ್ದೇನೆ, ಸುಖವಾಗಿ.

ಉಳಿಸಿದ ಕಡತವನ್ನು ಒಮ್ಮೆ ಬರಿಯ ಪಠ್ಯವಾಗಿ ತೆರೆದು ನೋಡಿದೆ. ನಾನು ಕೈಯಾರೆ ಬಿಡಿಸಿದ್ದ ಚಿತ್ರವೆಲ್ಲ ಅಲ್ಲಿ ಇದೇ ಮಾತಾಗಿ ಕೂತಿತ್ತು: ಆಬ್ಜ್, ಆಬ್ಜ್, ಕನೆಕ್ಟ್. ಹಳೆಯ ಹಾಳೆ ತೆರೆದಾಗಲೆಲ್ಲ ಆ ಸಾಲುಗಳು ಮತ್ತೆ ಓದಿಸಿಕೊಂಡು, ಪೆಟ್ಟಿಗೆಗಳು ಹೊಸದಾಗಿ ಹುಟ್ಟುತ್ತವೆ. ಕೈ ಎಳೆದ ಗೆರೆಗೂ ಬಾಯಿ ಹೇಳಿದ ಮಾತಿಗೂ ಅಲ್ಲಿ ಭೇದವೇ ಇರಲಿಲ್ಲ. ಅಂದಿನಿಂದ ಈ ಹಾಳೆಯ ಮೇಲೆ ನನಗೆ ಬೇರೆಯೇ ಪ್ರೀತಿ.

ಅಲೆಗಳನ್ನು ಈಗ ಒಟ್ಟಿಗೆ ಹುಟ್ಟಿಸುವುದಿಲ್ಲ. ಎರಡು ಸೆಕೆಂಡಿಗೊಂದರಂತೆ ಕರೆಯುತ್ತೇನೆ. ಪ್ರತಿ ಸಲವೂ ಒಳಗಿನ ಧ್ವನಿಸರಪಳಿ ಮರುಜೋಡಣೆಯಾಗಬೇಕು. ಆಗ ಸಣ್ಣದೊಂದು ಟಿಕ್ ಕೇಳುವುದುಂಟು. ಬಿರಡೆ ತಿರುವುವಾಗಿನ ಕಿರುಗುಟ್ಟುವ ಸದ್ದಿನಂತೆ ಅದೂ ನನಗೆ ಇಷ್ಟ. ಷಡ್ಜ, ಮೇಲಿನ ಷಡ್ಜ, ಪಂಚಮ, ಮತ್ತೆ ಷಡ್ಜ. ಐದನೆಯದು 550 ಹರ್ಟ್ಸ್: ಗಾಂಧಾರ! ಕ್ಷಣಕಾಲ ಒಂಟಿಯಾಗಿ ನಿಂತು, ಮೆಲ್ಲನೆ ಷಡ್ಜದೊಳಗೆ ಕರಗುತ್ತದೆ.

ಫೋನಿನಲ್ಲಿ ಅಕ್ಕನಿಗೆ ಕೇಳಿಸಿದೆ. “ಗಾಂಧಾರ ಬಂತು ಕಣೋ. ಆದರೆ ಜೀವಾಳ ಇನ್ನೂ ಬಂದಿಲ್ಲ” ಎಂದಳು. ಅವಳ ಮಾತು ಸರಿ. ತಂತಿಯಲ್ಲಿ ಪ್ರತಿ ಅಲೆಯೂ ತನ್ನದೇ ಗತಿಯಲ್ಲಿ ಏರಿ ಇಳಿಯುತ್ತದೆ, ನನ್ನವು ಸಮನಾಗಿ ನಿಂತಿವೆ. ಈ ರಾತ್ರಿ ಒಂದೊಂದಕ್ಕೂ ಏರಿಳಿತದ ಪೆಟ್ಟಿಗೆ ಬೇಕೆಂದು ಹಾಳೆಗೆ ಹೇಳಬೇಕು. ಸಂಖ್ಯೆಗಳನ್ನೆಲ್ಲ ಮತ್ತೆ ಎಣಿಸಬೇಕು.