ಮರೆಯ ಬಾಣ



ಕಳೆದ ಬೇಸಿಗೆ ರಜೆಯಲ್ಲಿ ದಾಂಡೇಲಿಯ ನಮ್ಮ ಮನೆಯ ಜಗುಲಿಯ ಮೇಲೆ ಮೊಮ್ಮಕ್ಕಳ ನಡುವೆ ಒಂದು ಜಗಳವಾಯಿತು. ಅದನ್ನು ಬಿಡಿಸಲು ಹೋದ ನನಗೆ ನನ್ನದೇ ಹಳೆಯ ತಪ್ಪೊಂದು ನೆನಪಾಯಿತು. ಅದನ್ನು ಇಲ್ಲಿ ಬರೆದಿಡುತ್ತೇನೆ.

ಮೊಮ್ಮಗನು ಬೆಂಗಳೂರಿನಿಂದ ತಂದ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ಆಟವಂತೆ. ಸುತ್ತ ಕುಳಿತವರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬನು ನಿರ್ವಾಹಕ. ಕಾಡು, ಗುಹೆ, ರಾಕ್ಷಸರನ್ನೆಲ್ಲ ವರ್ಣಿಸುವವನು ಅವನೇ. ತಮ್ಮ ಪಾತ್ರ ಏನು ಮಾಡುತ್ತದೆಂದು ಉಳಿದವರು ಹೇಳಬೇಕು. ಅದು ಫಲಿಸುವುದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ನಿರ್ವಾಹಕನು ತನ್ನ ದಾಳವನ್ನು ರಟ್ಟಿನ ಪರದೆಯ ಹಿಂದೆ ಉರುಳಿಸುತ್ತಾನೆ.

ಹತ್ತು ವರ್ಷದ ಮೊಮ್ಮಗಳದು ವೀರಯೋಧೆಯ ಪಾತ್ರ. ರಾಕ್ಷಸನ ಸರದಿಯಲ್ಲಿ ದಾಳ 20 ತೋರಿಸಿತು. ಯೋಧೆ ಸಾಯಲೇಬೇಕಿತ್ತು. ಅಣ್ಣನು ತಂಗಿಯ ಮುಖ ನೋಡಿ "ಏಳು" ಎಂದನು. ನೀರು ಕುಡಿಯಲು ಎದ್ದ ಅವಳು ಪರದೆಯ ಆಚೆಗಿದ್ದ ದಾಳವನ್ನು ಕಂಡುಬಿಟ್ಟಳು.

"ಹಾಗಾದರೆ ನಿನ್ನೆ ನಾನು ಗೆದ್ದದ್ದೂ ಸುಳ್ಳೇ?" ಎಂದು ಅತ್ತು, ಆಟ ಬಿಟ್ಟು ಒಳಗೆ ಹೋದಳು.

"ಅಜ್ಜಾ, ಅವಳಿಗೋಸ್ಕರವೇ ಹಾಗೆ ಹೇಳಿದೆ. ಹೀಗೆ ಮಾಡಬಹುದೆಂದು ಪುಸ್ತಕದಲ್ಲೇ ಇದೆ" ಎಂದನು ಮೊಮ್ಮಗ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಒಂದು ದಾಳದ ದೆಸೆಯಿಂದ ಮಕ್ಕಳ ಸಂಜೆಯೇ ಕೆಡಬೇಕೇ ಎಂಬ ಅವನ ಪ್ರಶ್ನೆಗೆ ನಾನು ಕೂಡಲೇ ಉತ್ತರಿಸಲಾರದೆ ಹೋದೆ. ಏಕೆಂದರೆ ಅದೇ ಕೆಲಸವನ್ನು ಹಿಂದೆ ನಾನೂ ಮಾಡಿದ್ದೆ.

ಜೋಯಿಡಾ ತಾಲೂಕಿನ ಗುಂದದ ಕಡೆ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಲೆ ಕೇಳಿ ಬೆಳೆದವನು ನಾನು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ವಾದಕ್ಕಿಳಿಯುತ್ತಾರೆ. ಮಾತು ಆಗಲೇ ಹುಟ್ಟಬೇಕು. ಕಥೆಯ ಕೊನೆ ಮಾತ್ರ ಮೊದಲೇ ಗೊತ್ತು: ವಾಲಿವಧೆಯಲ್ಲಿ ವಾಲಿ ಸಾಯಲೇಬೇಕು. ಆದರೆ ಸಾಯುವ ಮುನ್ನ ರಾಮನನ್ನು ನಿರುತ್ತರಗೊಳಿಸುವ ಸ್ವಾತಂತ್ರ್ಯ ಅವನಿಗುಂಟು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918-2006) ವಾಲಿಯ ಅರ್ಥವನ್ನು ಜನ ಇಂದಿಗೂ ನೆನೆಯುವುದು ಅದಕ್ಕಾಗಿಯೇ.

ಹಳಿಯಾಳ ತಾಲೂಕಿನ ಒಂದು ಶಾಲೆಯಲ್ಲಿದ್ದಾಗ ಶನಿವಾರಗಳಂದು ಮಕ್ಕಳಿಂದ ತಾಳಮದ್ದಲೆ ಮಾಡಿಸುತ್ತಿದ್ದೆನು. ಒಮ್ಮೆ ವಾಲಿಯ ಪಾತ್ರವನ್ನು ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ಕೊಟ್ಟೆ. ಮನೆಮಾತು ಮರಾಠಿ, ಕನ್ನಡದಲ್ಲಿ ತಡವರಿಕೆ. ರಾಮನಾಗಿದ್ದವನು ತರಗತಿಯ ಮೊದಲಿಗ. ಹುಡುಗನಿಗೆ ಅವಮಾನವಾದೀತೆಂದು ಹೆದರಿ, ರಾಮನನ್ನು ಗುಟ್ಟಾಗಿ ಕರೆದು "ಎರಡು ಮಾತಿಗೆ ಸೋತವನಂತೆ ಸುಮ್ಮನಾಗು" ಎಂದು ಹೇಳಿಕೊಟ್ಟೆ. ಅವನು ಹಾಗೆಯೇ ಮಾಡಿದನು. ವಾಲಿಗೆ ಚಪ್ಪಾಳೆ ಬಿತ್ತು. ಆ ದಿನದ ಹುಡುಗನ ಮುಖ ನನ್ನ ಕಣ್ಣಿನಲ್ಲಿ ಈಗಲೂ ಇದೆ.

ಮನೆಗೆ ಹೋಗುವ ದಾರಿಯಲ್ಲಿ ರಾಮನು ಗುಟ್ಟು ಬಿಟ್ಟುಕೊಟ್ಟಿದ್ದನು. ಸೋಮವಾರ ಆ ಹುಡುಗ ನನ್ನ ಮೇಜಿನ ಬಳಿ ಬಂದು ನಿಂತನು. "ಸರ್, ಮರದ ಮರೆಯಲ್ಲಿ ನಿಂತವರು ನೀವೇ ಅಲ್ಲವೇ?" ಎಂದು ಕೇಳಿ ಹೊರಟುಹೋದನು. ಅಷ್ಟು ಶುದ್ಧವಾದ ಕನ್ನಡ ವಾಕ್ಯವನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮುಂದಿನ ಎರಡು ಶನಿವಾರ ಅವನು ಶಾಲೆಗೇ ಬರಲಿಲ್ಲ.

ಆಗ ನನಗೆ ಎರಡು ಸಂಗತಿಗಳು ನೆನಪಾದವು. ಮೊದಲನೆಯದು ನಮ್ಮ ಭಾಗವತರ ರೀತಿ. ಹೊಸಬನು ಮಾತು ಮರೆತು ನಿಂತರೆ ಅವರು ಪದ್ಯದ ಕೊನೆಯ ಸಾಲನ್ನು ಮತ್ತೊಮ್ಮೆ ಎತ್ತಿ ಅವನಿಗೆ ಉಸಿರಾಡಲು ಹೊತ್ತು ಕೊಡುತ್ತಿದ್ದರು. ಹಿರಿಯ ಅರ್ಥಧಾರಿ ಎಳೆಯನಿಗೆ ಎಟುಕುವಂಥ ಪ್ರಶ್ನೆ ಹಾಕುವುದೂ ಇತ್ತು. ಇದೂ ಪಕ್ಷಪಾತವೇ. ಆದರೆ ಇಡೀ ಸಭೆಯ ಎದುರಿಗೆ ನಡೆಯುತ್ತಿತ್ತು, ಉತ್ತರವನ್ನು ಹೊಸಬನೇ ಕೊಡಬೇಕಿತ್ತು.

ಎರಡನೆಯದು ಅದಕ್ಕೂ ಹಿಂದೆ ಮುಂಡಗೋಡದಲ್ಲಿ ಕೆಲಸದಲ್ಲಿದ್ದಾಗ ಕಂಡದ್ದು. 1966ರಲ್ಲಿ ನೆಲೆಗೊಂಡ ಅಲ್ಲಿಯ ಟಿಬೆಟನ್ ಕ್ಯಾಂಪಿನ ಮಠಗಳ ಅಂಗಳದಲ್ಲಿ ಭಿಕ್ಷುಗಳು ತರ್ಕ ನಡೆಸುತ್ತಾರೆ. ಪ್ರಶ್ನಿಸುವವನು ನಿಂತು ಚಪ್ಪಾಳೆ ತಟ್ಟಿ ಕೇಳುತ್ತಾನೆ. ಕುಳಿತವನಿಗೆ ಉತ್ತರಗಳು ಕೆಲವೇ: ಒಪ್ಪಿದೆ, ಏಕೆ, ಕಾರಣ ಸಿದ್ಧವಾಗಿಲ್ಲ, ವ್ಯಾಪ್ತಿ ಕೂಡುವುದಿಲ್ಲ. ತನ್ನ ಮಾತಿಗೆ ತಾನೇ ವಿರುದ್ಧ ನುಡಿದರೆ ಎದುರಿನವನು ಎಲ್ಲರಿಗೂ ಕೇಳುವಂತೆ ಕೂಗಿ ತೋರಿಸುತ್ತಾನೆ. ಕಟ್ಟಳೆ ಬಿಗಿಯಾದದ್ದು, ಆದರೆ ಎಲ್ಲರಿಗೂ ತಿಳಿದದ್ದು. ಆದ್ದರಿಂದಲೇ ಕಿರಿಯನೂ ಧೈರ್ಯದಿಂದ ಹಿರಿಯನ ಎದುರು ನಿಲ್ಲಬಲ್ಲನು.

ಮೂರನೆಯ ಶನಿವಾರ ಹುಡುಗನು ಬಂದಾಗ ಇಡೀ ತರಗತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಅನಂತರ ಕರಿಹಲಗೆಯ ಮೇಲೆ ಹೊಸ ನಿಯಮ ಬರೆದೆ: ಕನ್ನಡ ಪದ ಸಿಗದಿದ್ದರೆ ಯಾರು ಬೇಕಾದರೂ ಮನೆಮಾತಿನ ಪದ ಬಳಸಬಹುದು, ಎದುರಾಳಿ ಅದರ ಅರ್ಥ ಕೇಳಿ ತಿಳಿದುಕೊಳ್ಳಬೇಕು. ಹುಡುಗನು ಮತ್ತೆ ವಾಲಿಯಾದನು. ಮರಾಠಿ, ಕನ್ನಡ ಬೆರೆಸಿ ಮಾತಾಡಿದನು. ರಾಮನು ಈ ಸಲ ಬಿಟ್ಟುಕೊಡಲಿಲ್ಲ, ವಾಲಿ ಚೆನ್ನಾಗಿಯೇ ಸೋತನು. ಚಪ್ಪಾಳೆ ಮೊದಲಿನಷ್ಟು ಬೀಳಲಿಲ್ಲ. ಆದರೆ ಹೋಗುವಾಗ "ಮುಂದಿನ ವಾರ ಯಾವ ಪಾತ್ರ ಸರ್?" ಎಂದು ಅವನೇ ಕೇಳಿದನು.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಮರುದಿನ ಅವನು ರಟ್ಟಿನ ಪರದೆ ತೆಗೆದನು. ಪ್ರತಿಯೊಬ್ಬರೂ ದಿನಕ್ಕೊಮ್ಮೆ ದಾಳವನ್ನು ಮತ್ತೆ ಉರುಳಿಸುವಂತೆ ಕೇಳಬಹುದೆಂದು ನಿಯಮ ಮಾಡಿ, ಅದಕ್ಕೆ "ಅಜ್ಜಿಯ ಹರಕೆ" ಎಂದು ಹೆಸರಿಟ್ಟನು. ತಂಗಿಯು ಹಿಂದಿನ ದಿನದ ಯುದ್ಧವನ್ನೇ ಮತ್ತೆ ಆಡಬೇಕೆಂದು ಹಟ ಹಿಡಿದಳು. ಹರಕೆ ಬಳಸಿಯೂ ಅವಳ ಯೋಧೆ ಸತ್ತಳು. ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದು, ಆಮೇಲೆ ಪೆನ್ಸಿಲು ತೆಗೆದುಕೊಂಡು ಹೊಸ ಪಾತ್ರ ಬರೆಯಲು ಕುಳಿತಳು.

ನಿಯಮವನ್ನು ಸಡಿಲಿಸಲೇಬಾರದೆಂದು ನಾನು ಹೇಳಲಾರೆ. ಸಡಿಲಿಸದ ಮಾಸ್ತರನ ಕೈಯಲ್ಲಿ ಎಷ್ಟೋ ಮಕ್ಕಳು ಮಾತೇ ಕಲಿಯುವುದಿಲ್ಲ. ಆದರೆ ಸಡಿಲಿಸುವಾಗ ಅವರಿಗೆ ತಿಳಿಸಿಯೇ ಸಡಿಲಿಸಬೇಕು. ಇಲ್ಲವಾದರೆ ಅವರು ನಿಜವಾಗಿ ಗೆದ್ದದ್ದರ ಮೇಲೂ ಅವರಿಗೆ ನಂಬಿಕೆ ಉಳಿಯುವುದಿಲ್ಲ.

ಕೊನೆಗೊಂದು ಮಾತು. ಪಾಸಾಗಲು 35 ಅಂಕ ಬೇಕಿದ್ದ ಕಾಲದಲ್ಲಿ, ನಮ್ಮ ಶಾಲೆಯ ಪರೀಕ್ಷೆಗಳಲ್ಲಿ 33, 34ನ್ನು ನಾನು ಸದ್ದಿಲ್ಲದೆ 35 ಮಾಡಿದ್ದುಂಟು. ನಿಮ್ಮಲ್ಲಿ ಕೆಲವರ ಅಂಕಗಳೂ ಅದರಲ್ಲಿದ್ದವು. ಅದು ಉಪಕಾರವಾಯಿತೋ ಅಪಕಾರವಾಯಿತೋ ನೀವೇ ಹೇಳಬೇಕು. ವಾಲಿಯಾಗಿದ್ದವನು ಈಗಲೂ ಹಬ್ಬಕ್ಕೆ ಫೋನು ಮಾಡುತ್ತಾನೆ. ಇದನ್ನು ಓದಿದರೆ, ಅವನ ಪ್ರಶ್ನೆ ನನಗೆ ಮರೆತಿಲ್ಲವೆಂದು ತಿಳಿಯಲಿ.