ಅಂಗಳಕ್ಕೆ ಬಂದ ಜಂಪಿಂಗ್

ಟ್ರಾಂಪೋಲಿನ್ ಎಂದರೆ ನಮ್ಮ ಊರುಗಳಲ್ಲಿ ಹೆಚ್ಚಿನವರಿಗೆ ತಿಳಿಯಲಿಕ್ಕಿಲ್ಲ. ಜಾತ್ರೆ ಗದ್ದೆಯ ‘ಜಂಪಿಂಗ್’ ಎಂದರೆ ಎಲ್ಲರಿಗೂ ಗೊತ್ತು. ಕಬ್ಬಿಣದ ಚೌಕಟ್ಟು, ಸುತ್ತ ಸ್ಪ್ರಿಂಗು, ನಡುವೆ ಬಿಗಿದ ಕಪ್ಪು ಹಾಸು. ಈಗ ಅದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕೆಲವು ಮನೆಗಳ ಅಂಗಳಕ್ಕೂ ಬಂದಿದೆ. ಗಲ್ಫಿನಲ್ಲಿರುವ ಮಾವ ಆನ್‌ಲೈನಿನಲ್ಲಿ ಆರ್ಡರ್ ಮಾಡಿದರೆ ಸಾಕು, ಪೆಟ್ಟಿಗೆ ಮನೆಗೇ ಬರುತ್ತದೆ. ಮಕ್ಕಳನ್ನು ಮೊಬೈಲಿನಿಂದ ಎಬ್ಬಿಸಿ ಹೊರಗೆ ತರುವ ವಸ್ತುವಿನ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಪೆಟ್ಟಿಗೆಯೊಳಗೆ ಬರುವ ಸೂಚನೆಯ ಕಾಗದವನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ.

ಆ ಕಾಗದದಲ್ಲಿರುವ ದೊಡ್ಡ ಮಾತು ಒಂದೇ: ಒಂದು ಸಲಕ್ಕೆ ಒಬ್ಬರೇ ಹಾರಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘ ಮನೆಯಲ್ಲಿ ಇದನ್ನು ಇಡುವುದೇ ಬೇಡ ಎನ್ನುತ್ತದೆ. 2012ರಲ್ಲಿ ಅದು ಹೇಳಿದಂತೆ, ನಾಲ್ಕರಲ್ಲಿ ಸುಮಾರು ಮೂರು ಪೆಟ್ಟುಗಳು ಆಗುವುದು ಹಲವರು ಒಟ್ಟಿಗೆ ಹಾರುವಾಗ. ಹೆಚ್ಚು ಪೆಟ್ಟು ತಿನ್ನುವುದು ಅವರಲ್ಲಿ ಚಿಕ್ಕವರೇ. ದೊಡ್ಡ ಹುಡುಗ ಇಳಿದಾಗ ತಗ್ಗಿದ ಹಾಸು ಚಿಮ್ಮಿ ಮೇಲೆ ಬರುತ್ತದೆ. ಅದೇ ಹೊತ್ತಿಗೆ ಸಣ್ಣ ಮಗು ಕೆಳಗಿಳಿದರೆ ಅದಕ್ಕೆ ಸಿಗುವುದು ಮೆತ್ತನೆ ಹಾಸಲ್ಲ, ಎದುರಿನಿಂದ ಬರುವ ಹೊಡೆತ. ಮೊಣಕಾಲಿನ ಕೆಳಗಿನ ಮೂಳೆ ಬಿರುಕು ಬಿಡುವುದು ಹೀಗೆ. ಸುತ್ತ ಕಟ್ಟಿದ ಬಲೆ ಇದಕ್ಕೆ ಏನೂ ಮಾಡುವುದಿಲ್ಲ.

ನಮ್ಮ ಕಷ್ಟ ಇರುವುದು ಇಲ್ಲಿಯೇ. ಏಪ್ರಿಲ್ ರಜೆಗೆ ತರವಾಡು ಮನೆಯಲ್ಲಿ ಮಕ್ಕಳು ಗುಂಪುಗುಂಪಾಗಿ ಸೇರುತ್ತಾರೆ. “ಒಂಬತ್ತು ಮಕ್ಕಳಲ್ಲಿ ಯಾರನ್ನು ನಿಲ್ಲಿಸುವುದು ಮಾರಾಯ್ರೆ?” ಎಂದು ಬಂಟ್ವಾಳ ಕಡೆಯ ಒಬ್ಬರು ಚಿಕ್ಕಮ್ಮ ನಮ್ಮನ್ನೇ ಕೇಳಿದರು. ಅವರ ಮನೆಯ ಅಜ್ಜಿ ದಾರಿ ಹುಡುಕಿದ್ದಾರೆ. ಹತ್ತಿರ ಕುರ್ಚಿ ಹಾಕಿ ಕೂತು, ಒಬ್ಬೊಬ್ಬರಿಗೆ ಐವತ್ತು ಹಾರು. ಒಬ್ಬರ ಸರದಿ ಮುಗಿದರೆ ಬುಟ್ಟಿಗೆ ಒಂದು ಅಡಿಕೆ. ಲಾಗ ಹಾಕಿದವನ ಸರದಿ ಹೋಯಿತು. ಕುತ್ತಿಗೆ ಮೇಲೆ ಬಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರು ವರ್ಷದೊಳಗಿನವರಿಗೆ ಹತ್ತಲು ಬಿಡುವುದಿಲ್ಲ, ಆಟ ಮುಗಿದ ಮೇಲೆ ಏಣಿ ತೆಗೆದು ಒಳಗೆ. ಕಂಪೆನಿಯ ಕಾಗದಕ್ಕಿಂತ ಅಜ್ಜಿಯ ಬುಟ್ಟಿಯ ಮೇಲೆ ನಮಗೆ ನಂಬಿಕೆ ಜಾಸ್ತಿ.

ಬಿದ್ದ ಮಗು ಕಾಲೂರಲು ಒಪ್ಪದಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಎಕ್ಸ್‌ರೇ ಮಾಡಿಸಿ. ಕುತ್ತಿಗೆ ನೋವೆಂದರೆ ಎತ್ತಿ ಕೂರಿಸದೆ, ಮಲಗಿದಲ್ಲೇ ಬಿಟ್ಟು 108ಕ್ಕೆ ಕರೆ ಮಾಡಿ. ನಮ್ಮ ಕೆಲವು ಮನೆಗಳಿಂದ ಡಾಂಬರು ರಸ್ತೆಗೆ ಬರಲಿಕ್ಕೇ ಎಷ್ಟು ಹೊತ್ತು ಬೇಕೆಂದು ನಿಮಗೂ ಗೊತ್ತು.

ಇನ್ನು ಜಾಗ. ಸಿಮೆಂಟು ಅಂಗಳ ಹೇಗೂ ಚಳಿಗಾಲದಲ್ಲಿ ಅಡಿಕೆಗೆ ಬೇಕು. ಹಿತ್ತಿಲ ಕಡೆಯ ಸಮತಟ್ಟು ಮಣ್ಣೇ ಒಳ್ಳೆಯದು. ಸುತ್ತ ಆರಡಿಯಾದರೂ ಖಾಲಿ ಇರಲಿ: ಮುರಕಲ್ಲಿನ ಕಟ್ಟೆ, ಬಟ್ಟೆ ಒಣಗಿಸುವ ತಂತಿ ಹತ್ತಿರ ಬೇಡ. ತೆಂಗಿನ ಮರದ ಅಡಿ ಬೇಡವೆಂದು ಬರೆಯಬೇಕಾಗಿಲ್ಲ, ಆದರೂ ನಾವು ಕಂಡದ್ದರಿಂದ ಬರೆಯುತ್ತಿದ್ದೇವೆ. ಮೇ ತಿಂಗಳ ಗಾಳಿಮಳೆ ಇದನ್ನು ಎತ್ತಿ ಬಿಸಾಡಬಲ್ಲದು. ಕಾಲುಗಳನ್ನು ಗೂಟಕ್ಕೆ ಕಟ್ಟಿ, ಮೇಲೆ ಮರಳಿನ ಚೀಲವನ್ನೂ ಇಡಿ. ಬಲೆಯ ನೂಲು ಬಿಸಿಲಿಗೆ ಜೀರ್ಣವಾಗುತ್ತದೆ. ಕೈಯಲ್ಲಿ ಎಳೆದರೆ ಹುಡಿಯಾಗಿ ಬಂದರೆ ಹೊಸದು ಹಾಕಿ. ಸ್ಪ್ರಿಂಗ್ ಮುಚ್ಚುವ ದಪ್ಪ ಪಟ್ಟಿಯೂ ಹಾಗೆಯೇ, ಹರಿದರೆ ಸಣ್ಣ ಕಾಲುಗಳು ಸ್ಪ್ರಿಂಗಿನ ನಡುವೆ ಸಿಕ್ಕುತ್ತವೆ.

ಮಳೆಗಾಲದಲ್ಲಿ ಹೊರಗೆ ಬಿಟ್ಟರೆ ತುಕ್ಕು ಹಿಡಿಯದೆ ಉಳಿಯುವುದಿಲ್ಲ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಇದರ ಸ್ಪ್ರಿಂಗನ್ನೂ ಬಿಚ್ಚಿ, ಎಣಿಸಿ, ಒರೆಸಿ, ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿ. ಬಿಚ್ಚುವಾಗ ಒಂದೇ ಬದಿಯಿಂದ ಹೋಗಬೇಡಿ. ಇಲ್ಲೊಂದು, ಅದರ ಎದುರಿಗೊಂದು ತೆಗೆಯಿರಿ. ಇಲ್ಲದಿದ್ದರೆ ಕೊನೆಯ ಸ್ಪ್ರಿಂಗುಗಳ ಬಿಗಿತ ಏರಿ ಕೈಗೆ ಹಾರುತ್ತವೆ.