ಸವೆದ ಚಕ್ರದ ಲೆಕ್ಕ

ಜಮೆಯ ಪುಟವನ್ನು ತಿರುವಿ ನೋಡುವುದು ಎಲ್ಲ ವ್ಯಾಪಾರಿಗಳಿಗೂ ಪ್ರಿಯ. ಖರ್ಚಿನ ಪುಟವನ್ನು ಅಷ್ಟೇ ಆಸಕ್ತಿಯಿಂದ ಓದುವವರು ವಿರಳ. ವಿದ್ಯುತ್ ಕಾರಿನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ೨೦೦೧ರಲ್ಲಿ ಬೆಂಗಳೂರಿನಿಂದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಹೊರಬಂದಾಗ ಅದು ನಗರದ ಕೌತುಕವಾಗಿತ್ತು. ೨೦೨೦ರಲ್ಲಿ ಟಾಟಾ ನೆಕ್ಸಾನ್‌ನ ವಿದ್ಯುತ್ ಮಾದರಿ ಮಾರುಕಟ್ಟೆಗೆ ಬಂದ ಮೇಲೆ ಇಂತಹ ವಾಹನಗಳು ಸಣ್ಣ ಊರುಗಳನ್ನೂ ಮುಟ್ಟಿದವು. ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲಿನ ಖರ್ಚಿಲ್ಲ ಎಂಬುದು ಜಮೆಯ ಪುಟ. ಖರ್ಚಿನ ಪುಟ ತೆರೆಯುವುದು ಟೈರು ಸವೆದಾಗ.

ಹಿರಿಯೂರಿನ ಹಿರಿಯ ವ್ಯಾಪಾರಿಯೊಬ್ಬರಿಗೆ ಈ ಪುಟ ತೆರೆದದ್ದು ಮೂವತ್ತು ಸಾವಿರ ಕಿಲೋಮೀಟರ್ ತುಂಬುವ ಹೊತ್ತಿಗೆ. ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ಇವರ ವ್ಯವಹಾರ. ವಾರಕ್ಕೆರಡು ಬಾರಿ ಈ ಊರುಗಳನ್ನು ಸುತ್ತಿ ಚಿತ್ರದುರ್ಗದ ಮೂಲಕ ಹೆದ್ದಾರಿ ಹಿಡಿದು ಮನೆ ಸೇರುವುದು ರೂಢಿ. ಒಂದು ದಿನ ಕಾರನ್ನು ತೊಳೆಯುವ ಹುಡುಗನು ಮುಂದಿನ ಎರಡು ಟೈರುಗಳ ತೋಡುಗಳು ಮಾಯವಾಗುತ್ತಿರುವುದನ್ನು ತೋರಿಸಿದನು. ತೋಡಿನ ತಳದಲ್ಲಿರುವ ಚಿಕ್ಕ ಉಬ್ಬುಗಳು ಮೇಲ್ಮೈಗೆ ಸಮನಾಗಿದ್ದವು. ತೋಡಿನ ಆಳ ೧.೬ ಮಿಲಿಮೀಟರಿಗೆ ಇಳಿದಿದೆ, ಇನ್ನು ಓಡಿಸಬಾರದು ಎಂಬುದೇ ಆ ಉಬ್ಬುಗಳ ಅರ್ಥ. ಹಿಂದಿನ ಎರಡರಲ್ಲಿ ಇನ್ನೂ ಅರ್ಧ ಆಯುಷ್ಯ ಉಳಿದಿತ್ತು.

ಇದಕ್ಕೆ ಕಾರಣ ಗೂಢವಲ್ಲ. ಬ್ಯಾಟರಿಯ ಭಾರದಿಂದ ವಿದ್ಯುತ್ ಕಾರು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ತೂಕವಾಗಿರುತ್ತದೆ. ಮೋಟಾರಿನ ಸೆಳೆತವು ಕಾಲಿಟ್ಟ ಕ್ಷಣದಲ್ಲಿಯೇ ಪೂರ್ಣವಾಗಿ ಚಕ್ರಕ್ಕೆ ತಲುಪುತ್ತದೆ. ವೇಗ ಇಳಿಸುವಾಗ ವಿದ್ಯುತ್ತನ್ನು ಮರಳಿ ಗಳಿಸುವ ಕೆಲಸವೂ ಅದೇ ಚಕ್ರಗಳ ಮೇಲೆ ಬೀಳುತ್ತದೆ. ಅವರ ಕಾರಿನಲ್ಲಿ ಮೋಟಾರು ತಿರುಗಿಸುವುದು ಮುಂದಿನ ಚಕ್ರಗಳನ್ನು. ಸುಮಾರು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದು ಮುಂದು ಬದಲಿಸಿದ್ದರೆ ನಾಲ್ಕೂ ಸಮನಾಗಿ ಸವೆಯುತ್ತಿದ್ದವು. ಅದು ಆಗಿರಲಿಲ್ಲ. ಪ್ರಮಾದವೆಂಬುದು ಯಾವಾಗಲೂ ದೊಡ್ಡ ರೂಪದಲ್ಲಿ ಬರುವುದಿಲ್ಲ. ಮುಂದೂಡಿದ ಸಣ್ಣ ಕೆಲಸದ ರೂಪದಲ್ಲಿಯೂ ಬರುತ್ತದೆ.

ಚಿತ್ರದುರ್ಗದ ಟೈರಿನ ಅಂಗಡಿಯಲ್ಲಿ ಮೂರು ಬಗೆ ದೊರೆತವು. ಮೊದಲನೆಯದು ಅಗ್ಗ, ಆದರೆ ಅದರ ಮೇಲಿನ ಭಾರಸೂಚ್ಯಂಕ ೯೧, ಎಂದರೆ ಒಂದು ಟೈರು ಹೊರಬಲ್ಲದ್ದು ೬೧೫ ಕಿಲೋ. ಕಾರಿನ ಬಾಗಿಲ ಕಂಬದ ಚೀಟಿಯಲ್ಲಿದ್ದುದು ೯೫, ಅದು ೬೯೦ ಕಿಲೋವಿನದು. ಗಾತ್ರ ಒಂದೇ ಎಂದ ಮಾತ್ರಕ್ಕೆ ಬಲವೂ ಒಂದೇ ಅಲ್ಲ. ಎರಡನೆಯದು ಸರಾಗವಾಗಿ ಉರುಳಿ ವಿದ್ಯುತ್ತನ್ನು ಉಳಿಸುವ ಜಾತಿ. ಮೂರನೆಯದು ಒದ್ದೆ ರಸ್ತೆಯಲ್ಲಿ ಹೆಚ್ಚು ಬಿಗಿಹಿಡಿಯುವಂಥದು. ಆದರೆ ಚಾರ್ಜಿಗೆ ಕೆಲವು ಕಿಲೋಮೀಟರ್ ಕಡಿಮೆ ಓಡಿಸುತ್ತದೆ.

“ಅಪ್ಪಾಜಿ, ನಾಲ್ಕನ್ನೂ ಎರಡನೆಯ ಜಾತಿಗೆ ಬದಲಿಸಿಬಿಡೋಣ, ಮೈಲೇಜು ಮುಖ್ಯ” ಎಂದನು ಮಗ. ತಂದೆ ಒಪ್ಪಲಿಲ್ಲ. ಅರ್ಧ ಆಯುಷ್ಯವುಳ್ಳ ವಸ್ತುವನ್ನು ಎಸೆಯುವುದು ಅಪರಿಗ್ರಹವಲ್ಲ, ಅಪವ್ಯಯ. ಉಳಿದ ಕೆಲವು ಕಿಲೋಮೀಟರಿಗಾಗಿ ಮಳೆಯಲ್ಲಿ ಬ್ರೇಕಿನ ದೂರವನ್ನು ಹೆಚ್ಚಿಸಿಕೊಳ್ಳುವುದು ಎದುರಿಗೆ ಬರುವವನ ಪ್ರಾಣದ ಮೇಲೆ ಮಾಡುವ ಉಳಿತಾಯ. ಹೀಗೆ ಎಣಿಸಿ ೯೫ರ ಸೂಚ್ಯಂಕವುಳ್ಳ ಮೂರನೆಯ ಜಾತಿಯಲ್ಲಿ ಎರಡನ್ನು ಮಾತ್ರ ಕೊಂಡರು. ಪಕ್ಕದ ಗೋಡೆಯಲ್ಲಿನ ನಾಲ್ಕು ಅಂಕಿಗಳಿಂದ ತಯಾರಾದ ವಾರವನ್ನೂ ವರ್ಷವನ್ನೂ ನೋಡಿ, ಹಳೆಯ ದಾಸ್ತಾನನ್ನು ಬಿಟ್ಟು ಹೊಸದನ್ನೇ ಕೇಳಿದರು. ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ, ಅರ್ಧ ಸವೆದುದನ್ನು ಮುಂದಕ್ಕೆ ತಂದರು. ನೀರು ನಿಂತ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಕಾರನ್ನು ಹಿಡಿಯುವುದು ಕಷ್ಟವೆಂಬುದು ಇದರ ತರ್ಕ.

ನಿಜವಾದ ಪರೀಕ್ಷೆ ಬಂದದ್ದು ಹಣ ಕೊಟ್ಟ ಮೇಲೆ. ಅಂಗಡಿಯ ಬಳಿ ನಿಂತಿದ್ದ ಹಳೆಯ ಟೈರುಗಳ ವ್ಯಾಪಾರಿ, ಸವೆದ ಎರಡಕ್ಕೂ ತಲಾ ಆರುನೂರು ರೂಪಾಯಿ ಕೊಡಲು ಮುಂದಾದನು. “ಇವು ಎಲ್ಲಿಗೆ ಹೋಗುತ್ತವೆ?” ಎಂದು ಕೇಳಿದಾಗ ಅವನು ಮೊದಲು ನಕ್ಕನು. ಬಳಿಕ ಹೇಳಿದನು: “ಕಾದ ಕಬ್ಬಿಣದಿಂದ ಮತ್ತೆ ತೋಡು ಕೊರೆದರೆ ಹೊಸದರಂತೆ ಕಾಣುತ್ತವೆ, ಯಜಮಾನರೇ. ಗೂಡ್ಸ್ ಗಾಡಿಯವರು ತೆಗೆದುಕೊಳ್ಳುತ್ತಾರೆ.”

ಕಾರಿನ ಟೈರಿನಲ್ಲಿ ಕೊರೆಯಲು ಬೇಕಾದ ರಬ್ಬರು ಆ ವೇಳೆಗೆ ಉಳಿದಿರುವುದಿಲ್ಲ. ಕೊರೆದಷ್ಟೂ ಒಳಗಿನ ಪದರಗಳಿಗೆ ಹತ್ತಿರವಾಗುತ್ತದೆ. ಹಿರಿಯೂರಿನ ಬೇಸಿಗೆಯ ಡಾಂಬರಿನ ಮೇಲೆ, ಹೊರೆ ಹೊತ್ತ ಗಾಡಿಯ ಕೆಳಗೆ ಅದು ಸಿಡಿದರೆ ಚಾಲಕನಿಗೆ ಕಾರಣವೂ ತಿಳಿಯದು. ಅಸಲಿಗೆ ನಕಲಿಯನ್ನು ಬೆರೆಸಿ ಮಾರುವುದು ಶ್ರಾವಕನ ಅಸ್ತೇಯ ವ್ರತಕ್ಕೆ ಅತಿಚಾರವೆಂದು ಶಾಸ್ತ್ರವು ಎಣಿಸಿದೆ. ಕೊರೆಯುವವನು ಬೇರೆ, ಮಾರುವವನು ಬೇರೆ, ತನ್ನದು ಗುಜರಿ ಕೊಟ್ಟಷ್ಟೇ ಎಂಬ ಸಮಾಧಾನ ಸುಲಭವಾಗಿತ್ತು. ಆದರೆ ಕೇಳಿ ತಿಳಿದ ಮೇಲೆ ಅಜ್ಞಾನದ ಆಸರೆ ಇಲ್ಲ. ಆ ಹಿರಿಯರು ಅಂಗಡಿಯ ಕೂಲಿಯವನಿಗೆ ನೂರು ರೂಪಾಯಿ ಕೊಟ್ಟು, ಎರಡೂ ಟೈರುಗಳ ಪಕ್ಕದ ಗೋಡೆಗಳನ್ನು ಸೀಳಿಸಿ, ಪುನರ್ಬಳಕೆಯ ಘಟಕಕ್ಕೆ ಹೋಗುವ ರಾಶಿಗೆ ಹಾಕಿಸಿದರು. ಹಳೆಯ ಟೈರುಗಳ ಪುನರ್ಬಳಕೆಯ ಹೊಣೆಯನ್ನು ತಯಾರಕರ ಮೇಲೂ ಆಮದುದಾರರ ಮೇಲೂ ಹೊರಿಸುವ ನಿಯಮವು ೨೦೨೨ರಲ್ಲಿ ಕೇಂದ್ರ ಸರ್ಕಾರದಿಂದ ಬಂದಿದೆ. ಆದರೆ ರಾಶಿಗೆ ಮುಟ್ಟಿಸುವ ಕೈ ಬಳಸುವವನದೇ.

“ನೀವು ಎರಡು ಸೀಳಿಸಿದಿರಿ, ಯಜಮಾನರೇ. ಬೇರೆಯವರು ಇನ್ನೂರು ಕೊಡುತ್ತಾರೆ” ಎಂದನು ಆ ವ್ಯಾಪಾರಿ. ಮಾತು ಸುಳ್ಳಲ್ಲ. ಅದಕ್ಕೆ ಅವರು ಉತ್ತರ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಚಿಂತೆ ಉಳಿಯಿತು. ಮೂವತ್ತು ಸಾವಿರ ಕಿಲೋಮೀಟರಿನಲ್ಲಿ ಸವೆದ ರಬ್ಬರು ಹೋದದ್ದಾದರೂ ಎಲ್ಲಿಗೆ? ಅಮೆರಿಕದ ವಾಯವ್ಯ ಕರಾವಳಿಯ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದವು. ಟೈರು ಬಿರುಕು ಬಿಡದಿರಲೆಂದು ಬೆರೆಸುವ ರಾಸಾಯನಿಕವೊಂದು ಓಜೋನಿನೊಡನೆ ಕೂಡಿ ವಿಷವಾಗಿ, ರಸ್ತೆಯ ಧೂಳಿನಿಂದ ನೀರಿಗೆ ಇಳಿಯುವುದೇ ಕಾರಣವೆಂದು ೨೦೨೦ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹೊಗೆಯಿಲ್ಲದ ಕಾರಿಗೂ ಈ ಧೂಳು ತಪ್ಪಿದ್ದಲ್ಲ. ಹಿರಿಯೂರಿನ ರಸ್ತೆಗಳ ಮೇಲೆ ಬಿದ್ದ ಮಳೆಯೂ ಹಳ್ಳಗಳನ್ನು ಹಿಡಿದು ವೇದಾವತಿಯ ಕಡೆಗೇ ಹರಿಯುತ್ತದೆ.

ಗೃಹಸ್ಥನಿಗೆ ಸಂಚಾರವನ್ನು ಸಂಪೂರ್ಣ ತ್ಯಜಿಸಲು ಆಗದು. ಸವೆತವನ್ನು ಮಿತಗೊಳಿಸಲು ಆಗುತ್ತದೆ. ಈಗ ಅವರು ಹದಿನೈದು ದಿನಗಳಿಗೊಮ್ಮೆ, ಬೆಳಗಿನ ತಂಪಿನಲ್ಲಿ, ಕಾರು ಓಡುವ ಮೊದಲೇ ಗಾಳಿಯ ಒತ್ತಡವನ್ನು ಅಳೆಯುತ್ತಾರೆ. ಸಿಗ್ನಲ್ಲಿನಿಂದ ಜಿಗಿಯುವುದನ್ನು ಮಗನೂ ಬಿಟ್ಟಿದ್ದಾನೆ. ಹೊಸದುರ್ಗಕ್ಕೂ ಹೊಳಲ್ಕೆರೆಗೂ ಬೇರೆ ಬೇರೆ ದಿನ ಹೋಗುತ್ತಿದ್ದವರು ಒಂದೇ ಸುತ್ತಿನಲ್ಲಿ ಮುಗಿಸುತ್ತಾರೆ. ಒಂದು ಚಾರ್ಜಿಗೆ ಹತ್ತು ಕಿಲೋಮೀಟರ್ ಕಡಿಮೆಯಾಗಿದೆ. ಅಂದಿನ ಲೆಕ್ಕದ ಪುಸ್ತಕದಲ್ಲಿ ಹಳೆಯ ಟೈರಿನ ಬಾಬ್ತು ಸಾವಿರದ ಇನ್ನೂರು ಬರಲಿಲ್ಲ, ಸೀಳಿದ ಕೂಲಿ ನೂರು ಎಂದು ಬರೆದಿದೆ. ನಷ್ಟವೆಂಬ ಪದವನ್ನು ಅವರು ಅದರ ಮುಂದೆ ಬರೆದಿಲ್ಲ.